ಹಸಿರು ವ್ಯಾನಿನ ಹಿಂದೆ ಬರುವವರು

ಚಳಿ ಹಿಂದೆಗೆಯುತ್ತಿದ್ದ ದಿನಗಳು. ಬೆಳಗಿನ ಮಂಜು ಇನ್ನೂ ಬೀಳುತ್ತಿತ್ತಾದರೂ ಮೊದಲಿನಂತೆ ಮೈಗೆ ಅಂಟಿಕೊಳ್ಳುತ್ತಿರಲಿಲ್ಲ. ಬಿಸಿಲು ಮುಖ ತೋರಿಸಿದರೆ ಸಾಕು, ಬೇಲಿ ದಾಟಿ ಹೊಲದ ಕಡೆಗೆ ಸರಿದುಹೋಗುತ್ತಿತ್ತು. ನೆರಳುಬಲೆಯ ಚಪ್ಪರದಡಿ ಟೊಮೇಟೊ, ಬದನೆ, ಮೆಣಸಿನ ಸಸಿಗಳು ತಂತಮ್ಮ ಟ್ರೇಗಳಲ್ಲಿ ಒತ್ತೊತ್ತಾಗಿ ನಿಂತಿದ್ದವು. ಸಸಿಯಮ್ಮ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ, ನೀರನ್ನು ಹೊಗೆಯ ಹಾಗೆ ಹರಡುತ್ತ ಸಾಲಿನಿಂದ ಸಾಲಿಗೆ ನಡೆಯುತ್ತಿದ್ದಳು. ಅವಳ ಹಿಂದೆ ಸೊಸೆ, ನೀರು ಸೋರಿ ಮುಗಿದ ಟ್ರೇಗಳನ್ನು ಎತ್ತಿ ವ್ಯಾನಿಗೆ ಸಾಗಿಸುತ್ತಿದ್ದಳು. ಅಂದು ವಾರದ ಸಂತೆ.

ಸಸಿಯಮ್ಮ ಅನ್ನುವುದು ಸಂತೆಯವರು ಇಟ್ಟ ಹೆಸರು. ಮೂವತ್ತು ವರ್ಷದಿಂದ ಅವಳು ಪೇಟೆಯ ಸಂತೆಮಾಳದ ಅದೇ ಕಂಬದ ಪಕ್ಕ ಅದೇ ಹಲಗೆ ಹಾಕಿಕೊಂಡು ಕೂತವಳು. ಯಾವ ಸಸಿಗೆ ಎಷ್ಟು ನೀರು, ಯಾವುದನ್ನು ಎಷ್ಟು ಆಳಕ್ಕೆ ನೆಡಬೇಕು ಎಂದು ಕೇಳಲು, ಏನೂ ಕೊಳ್ಳದವರೂ ಬಂದು ಅವಳೆದುರು ಕುಕ್ಕರಗಾಲಲ್ಲಿ ಕೂರುತ್ತಿದ್ದರು. ಮನೆಯಲ್ಲಿ ಅವಳು ಅಮ್ಮ, ಅತ್ತೆ, ಇಲ್ಲವೇ ಬರಿಯ ‘ಲೇ’. ಹೆಸರು ಹಿಡಿದು ಕರೆಯುತ್ತಿದ್ದದ್ದು ಸಂತೆಯಲ್ಲಿ ಮಾತ್ರ.

ಅವಳ ಗಂಡ, ಆ ಮನೆಯ ಯಜಮಾನ, ಹಸಿರು ಬಣ್ಣದ ಹಳೆಯ ವ್ಯಾನನ್ನು ಅಷ್ಟೂ ವರ್ಷ ಓಡಿಸಿದ್ದ. ಹೋದ ವರ್ಷ ಕಣ್ಣಿನ ಪರೀಕ್ಷೆಗೆ ಹೋದಾಗ ಗೋಡೆಯ ಮೇಲಿನ ಅಕ್ಷರಗಳೆಲ್ಲ ಇರುವೆ ಸಾಲಿನ ಹಾಗೆ ಕಂಡವು. ಹತ್ತಿರದ್ದು ಪರವಾಗಿಲ್ಲ, ನಾಲ್ಕು ಮಾರು ಆಚೆಯದೆಲ್ಲ ಮಂಜು. ಲೈಸೆನ್ಸು ಮುಂದುವರಿಯಲಿಲ್ಲ. ಅಂದಿನಿಂದ ಸೊಸೆ ವ್ಯಾನು ಓಡಿಸುತ್ತಿದ್ದಳು. ಈಗ ಅವಳಿಗೆ ಪೇಟೆಯ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿತ್ತು. ಮಳೆ ಶುರುವಾಗುವ ಹೊತ್ತಿಗೆ ಹಾಜರಾಗಬೇಕು.

ಅಡುಗೆಮನೆಯಲ್ಲಿ ಒಂದು ಮೇಜು, ಒಂದೇ ಬೆಂಚು. ಇಬ್ಬರು ಕೂತರೆ ಭರ್ತಿ. ಆ ಮನೆಗೊಂದು ರೂಢಿಯಿತ್ತು. ಹೊರಗಿನಿಂದ ಯಾರು ಬಂದರೂ ಒಳಗೆ ಕೂತವರು ತಟ್ಟೆ ಎತ್ತಿಕೊಂಡು ಏಳಬೇಕು. ಸಸಿಯ ಕೆಲಸ ನೀರಿನ ಕೆಲಸ. ಬಂದವರ ಕೈಕಾಲು ಮರಗಟ್ಟಿರುತ್ತವೆ, ಮೊದಲು ಅವರು ಕೂರಲಿ ಎಂದು ಯಜಮಾನನ ಅಪ್ಪನ ಕಾಲದಿಂದ ನಡೆದುಬಂದದ್ದು. ಯಾರೂ ಯಾರಿಗೂ ಹೇಳಿಕೊಡುತ್ತಿರಲಿಲ್ಲ. ಬಾಗಿಲು ಕಿರ್ ಅಂದರೆ ಕೂತವರ ಮೊಣಕಾಲು ತಾನಾಗಿ ನೆಟ್ಟಗಾಗುತ್ತಿತ್ತು. ಸೊಸೆ ಈ ಮನೆಗೆ ಬಂದ ಹೊಸತರಲ್ಲಿ, ತಾನು ಒಳಗೆ ಕಾಲಿಟ್ಟ ಕೂಡಲೇ ಅತ್ತೆ ಅರ್ಧ ಊಟಕ್ಕೆ ಎದ್ದದ್ದು ಕಂಡು, ತನ್ನ ಮುಖ ನೋಡಲೂ ಇಷ್ಟವಿಲ್ಲ ಇವರಿಗೆ ಎಂದುಕೊಂಡು ಬಚ್ಚಲಲ್ಲಿ ಅತ್ತಿದ್ದಳಂತೆ. ಈಗ ಅವಳೂ ಏಳುತ್ತಿದ್ದಳು.

ಆ ಬೆಳಿಗ್ಗೆ ಮಗ ಒಳಗೆ ಬಂದಾಗ ಯಜಮಾನ ಚಹಾದ ಲೋಟ ಹಿಡಿದು ಎದ್ದ. ಮಗ ಪೇಟೆಯ ಬಡಗಿ ಅಂಗಡಿಯಲ್ಲಿ ಬಾಗಿಲು ಕಿಟಕಿ ಮಾಡುವವನು. ಎಷ್ಟು ಸ್ನಾನ ಮಾಡಿದರೂ ಕಿವಿಯ ಹಿಂದೆ ಒಂದಿಷ್ಟು ಮರದ ಹೊಟ್ಟು. ಕೂತವನೇ, ತನ್ನ ಅಂಗಡಿಯ ಮಾಲೀಕ ವ್ಯಾನು ಕೇಳುತ್ತಿದ್ದಾನೆ ಎಂದ. ಮಳೆ ಬಿದ್ದ ಮೇಲೆ ಓಡಿಸುವವರು ಯಾರೂ ಇರುವುದಿಲ್ಲ. ನಿಲ್ಲಿಸಿ ತುಕ್ಕು ಹಿಡಿಸುವುದಕ್ಕಿಂತ ಕೊಟ್ಟುಬಿಡುವುದು ಮೇಲು. ಸಸಿಗಳನ್ನು ಮನೆ ಬಾಗಿಲಿಗೇ ಬಂದು ಒಯ್ಯುವ ವ್ಯಾಪಾರಿಗಳಿದ್ದಾರೆ.

“ಮತ್ತೆ ಸಂತೆ?” ಎಂದಳು ಸಸಿಯಮ್ಮ.

“ಇನ್ನೆಷ್ಟು ವರ್ಷ ಬಿಸಿಲಲ್ಲಿ ಕೂರ್ತೀಯಮ್ಮ. ಸಾಕು. ಮನೇಲಿ ಆರಾಮಾಗಿರು.”

“ಆರಾಮಾಗಿದ್ದು ಏನ್ ಮಾಡ್ಲಿ?”

ಮಗ ಬ್ರೆಡ್ಡು ಮುರಿದು ಚಹಾಕ್ಕೆ ಅದ್ದಿದ. ಸಸಿಯಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ತಾನೇ ಓಡಿಸುವುದಾಗಿ ಹೇಳಿದಳು. ಅದನ್ನು ಅವಳು ಮೆಣಸಿನ ಟ್ರೇ ಎಲ್ಲಿಡಬೇಕು ಅನ್ನುವಷ್ಟೇ ಸಲೀಸಾಗಿ ಹೇಳಿದ್ದರಿಂದ ಮೊದಲು ಯಾರಿಗೂ ಕೇಳಿಸಲೇ ಇಲ್ಲ.

“ನೀನು ಸೈಕಲ್ ಕೂಡ ತುಳಿದವಳಲ್ಲ,” ಎಂದ ಮಗ.

“ಸೈಕಲ್ಲು ಬೀಳುತ್ತೆ. ಇದಕ್ಕೆ ನಾಲ್ಕು ಚಕ್ರ ಇದೆಯಲ್ಲ.”

ಸೊಸೆ ನಗು ತಡೆಯಲು ಟ್ರೇ ಎತ್ತಿಕೊಂಡು ಹೊರಗೆ ಹೋದಳು. ಮಗ ಅಪ್ಪನ ಮುಖ ನೋಡಿದ. ಅಪ್ಪ ಲೋಟದ ತಳ ನೋಡುತ್ತಿದ್ದ. ಕೊನೆಗೆ ಮಗನೇ ಒಂದು ಮಾತಿಗೆ ಬಂದ. ಮಳೆ ಬರುವುದರೊಳಗೆ ಲೈಸೆನ್ಸು ಬಂದರೆ ವ್ಯಾನು ಅಮ್ಮನದು, ಬರದಿದ್ದರೆ ಮಾಲೀಕನದು. ಮಾಲೀಕನಿಗೆ ಮಾತು ಕೊಟ್ಟಾಗಿದೆ, ಅದಕ್ಕಿಂತ ಹೆಚ್ಚು ಎಳೆಯಲು ತನ್ನಿಂದಾಗದು.

ಮೊದಲ ಪಾಠಗಳೆಲ್ಲ ಅಂಗಳದಲ್ಲಿ. ಧಾನ್ಯ ಒಣಗಿಸುವ ಅಗಲ ಅಂಗಳದ ನಡುವೆ ಯಜಮಾನ ನೀರಿನ ಪೀಪಾಯಿಯೊಂದನ್ನು ನಿಲ್ಲಿಸಿದ. ಅದರ ಸುತ್ತ ವ್ಯಾನು ಸುತ್ತಬೇಕು. ಅವನು ಪಕ್ಕದ ಸೀಟಿನಲ್ಲಿ ಕೂತು, ಕ್ಲಚ್ಚನ್ನು ಮಲಗಿರುವ ಕೂಸಿನ ಕೈ ಬಿಡಿಸಿಕೊಂಡ ಹಾಗೆ ಬಿಡು ಅನ್ನುತ್ತಿದ್ದ. ವ್ಯಾನು ಕೆಮ್ಮಿ ನಿಲ್ಲುತ್ತಿತ್ತು. ಮತ್ತೆ ಹೊರಡುತ್ತಿತ್ತು. ಕೋಳಿಗಳು ಮೊದಲ ದಿನ ಬೇಲಿ ಹಾರಿದವು. ಆಮೇಲೆ ರೂಢಿಯಾಗಿ, ಚಕ್ರದ ಗುರುತಿನಲ್ಲಿ ಮಣ್ಣು ಕೆದರುತ್ತ ವ್ಯಾನಿನ ಹಿಂದೆಯೇ ಸುತ್ತತೊಡಗಿದವು. ಸಂಜೆಯ ಬಿಸಿಲಿನಲ್ಲಿ ಧೂಳು ಎದ್ದು, ಎದ್ದಲ್ಲೇ ನಿಂತು, ಅಂಗಳದ ತುಂಬ ಬಂಗಾರದ ಬಣ್ಣ ತುಂಬಿಕೊಳ್ಳುತ್ತಿತ್ತು. ಅದರೊಳಗೆ ಹಸಿರು ವ್ಯಾನು ಕಂಡು, ಮರೆಯಾಗಿ, ಮತ್ತೆ ಕಾಣುತ್ತಿತ್ತು. ಸೊಸೆ ಜಗಲಿಯಲ್ಲಿ ಬೀಜ ಆರಿಸುತ್ತ ಕೂತಿದ್ದವಳು, ಎಷ್ಟು ಹೊತ್ತಿನಿಂದ ಬರಿಗೈಯಲ್ಲಿ ನೋಡುತ್ತಿದ್ದೇನೆ ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ರಸ್ತೆಗೆ ಇಳಿಯುವ ಹೊತ್ತಿಗೆ ಕೆಂಪು ಎಲ್ ಬೋರ್ಡು ಅಂಟಿತು. ರಸ್ತೆಯಲ್ಲಿ ಕಲಿಯುವವರ ಪಕ್ಕ ಲೈಸೆನ್ಸು ಇದ್ದವರೇ ಕೂರಬೇಕು. ಮುಂದೆ ಇದ್ದದ್ದು ಎರಡೇ ಸೀಟು. ಯಜಮಾನ ಇಳಿದು, ಸೊಸೆಗೆ ಬಾಗಿಲು ಹಿಡಿದು ನಿಂತ.

ಹಳ್ಳಿಯಿಂದ ಸಂತೆಗೆ ಹೋಗುವ ದಾರಿಯಲ್ಲಿ ಒಂದು ಸರ್ಕಲ್ಲು ಬರುತ್ತಿತ್ತು. ಐದು ರಸ್ತೆಗಳು ಅಲ್ಲಿಗೆ ಬಂದು ಸೇರುತ್ತಿದ್ದವು. ನಡುವೆ ಹುಲ್ಲಿನ ದಿಬ್ಬ, ಅದರ ಮೇಲೊಂದು ಮರ. ಮರದ ನೆರಳು ಗಡಿಯಾರದ ಮುಳ್ಳಿನಂತೆ ದಿನವಿಡೀ ದಿಬ್ಬದ ಮೇಲೆ ತಿರುಗುತ್ತಿತ್ತು. ಲೈಸೆನ್ಸು ಕೊಡುವ ಕಚೇರಿ ಸರ್ಕಲ್ಲಿನ ಆಚೆಗೆ. ಅದನ್ನು ಸರಿಯಾಗಿ ದಾಟಲಾರದವರು ಆ ಕಚೇರಿಯಿಂದ ಲೈಸೆನ್ಸು ತಂದದ್ದಿಲ್ಲ.

ಸೊಸೆ ನಿಧಾನವಾಗಿ ಹೇಳಿಕೊಟ್ಟಳು. ಸರ್ಕಲ್ಲಿನ ಬಾಯಿಗೆ ಬಂದಾಗ ವೇಗ ಇಳಿಸಬೇಕು. ಬಲಗಡೆ ನೋಡಬೇಕು, ಆಗಲೇ ಸುತ್ತುತ್ತಿರುವವರದು ಮೊದಲ ಹಕ್ಕು, ಅವರು ಹೋಗಲಿ. ಜಾಗ ಸಿಕ್ಕಿದ ಕೂಡಲೇ ಒಳಗೆ ಹೋಗಬೇಕು. ಒಳಗೆ ಹೋದ ಮೇಲೆ ನಿಲ್ಲಬಾರದು. ನಮ್ಮ ರಸ್ತೆಯ ಹಿಂದಿನ ರಸ್ತೆ ದಾಟಿದ ಮೇಲೆ ಎಡಗಡೆಯ ಇಂಡಿಕೇಟರ್ ಹಾಕಿ, ಕನ್ನಡಿ ನೋಡಿ, ಹೊರಗೆ. ರಸ್ತೆ ತಪ್ಪಿಹೋದರೆ ಗಾಬರಿ ಬೇಡ, ಇನ್ನೊಂದು ಸುತ್ತು.

ಸಸಿಯಮ್ಮ ಮೊದಲ ದಿನ ಬಾಯಿಯಲ್ಲೇ ನಿಂತುಬಿಟ್ಟಳು. ಬಸ್ಸು ಹೋಯಿತು, ಸೌದೆ ಗಾಡಿ ಹೋಯಿತು, ಸೈಕಲ್ಲುಗಳು ಹೋದವು. ಹಿಂದಿನಿಂದ ಹಾರ್ನುಗಳು ಎದ್ದವು.

“ಹೋಗಿ ಅತ್ತೆ.”

“ಎಲ್ಲರೂ ಹೋಗ್ಲಿ ಇರು.”

“ಎಲ್ಲರೂ ಹೋಗೋ ತನಕ ಅಂದ್ರೆ ನಾವು ಹಾಸಿಗೆ ತರಬೇಕಿತ್ತು.”

ಅತ್ತೆ ನಕ್ಕಳು, ನಗುತ್ತಿದ್ದಾಗಲೇ ಕಾಲು ಹಗುರಾಗಿ ವ್ಯಾನು ಒಳಗೆ ಸೇರಿತು. ಆದರೆ ಮುಂದಿನ ರಸ್ತೆಯ ಬಾಯಿಯಲ್ಲಿ ಒಂದು ಟ್ರಾಕ್ಟರು ಕಾಯುತ್ತ ನಿಂತದ್ದು ಕಂಡದ್ದೇ, ಅವಳು ಸರ್ಕಲ್ಲಿನ ನಟ್ಟನಡುವೆ ಬ್ರೇಕು ಒತ್ತಿ, ಕಿಟಕಿಯಿಂದ ಕೈ ಹೊರಗೆ ಹಾಕಿ ‘ಬಾಪ್ಪ’ ಎಂದು ಕರೆದಳು. ಸೊಸೆಯ ಹಣೆ ಗಾಜಿಗೆ ತಾಗಿತು. ಮನೆಗೆ ಬಂದು ವಿಚಾರಿಸಿದಾಗ ಗೊತ್ತಾಯಿತು: ಮಾವ ಮೂವತ್ತು ವರ್ಷವೂ ಹಾಗೇ ಓಡಿಸಿದ್ದ. ಒಳಗಿದ್ದವನು ನಿಂತು, ಹೊರಗಿನಿಂದ ಬರುವವನಿಗೆ ಜಾಗ ಬಿಡಬೇಕು. ಪಕ್ಕದ ಸೀಟಿನಲ್ಲಿ ಕೂತು ಸಸಿಯಮ್ಮ ಅಷ್ಟೂ ವರ್ಷ ನೋಡಿದ್ದು ಅದನ್ನೇ.

ಸೊಸೆ ಮೇಜಿನ ಮೇಲೆ ಬೇಯಿಸಿದ ಆಲೂಗಡ್ಡೆಯೊಂದನ್ನು ಇಟ್ಟು, ಸುತ್ತ ಬೆಂಕಿಪೊಟ್ಟಣ ಓಡಿಸಿ ತೋರಿಸಿದಳು. ಯಜಮಾನ ನೋಡಿದ. ಆಮೇಲೆ ಆಲೂಗಡ್ಡೆ ಎತ್ತಿಕೊಂಡು ಸುಲಿಯತೊಡಗಿದ.

“ನಾನು ಇಷ್ಟು ವರ್ಷ ಓಡಿಸಿದೀನಿ. ವ್ಯಾನಿಗೆ ಒಂದು ಗೀರು ಬಿದ್ದಿದೆಯಾ ನೋಡು ಹೋಗು.”

“ಗೀರಿನ ಮಾತಲ್ಲ ಮಾವ. ನಿಯಮ ಹಾಗಿದೆ.”

“ಸರ್ಕಲ್ಲಲ್ಲಿ ನನ್ನ ಕಂಡ್ರೆ ಎಲ್ಲರೂ ಕೈ ಎತ್ತುತಾರೆ. ನಿಯಮ ಓದಿದವರಿಗೆ ಎತ್ತುತಾರಾ?”

ಮಗ ತಟ್ಟೆಯಿಂದ ತಲೆ ಎತ್ತಲಿಲ್ಲ. ಸಸಿಯಮ್ಮ ಒಮ್ಮೆ ಗಂಡನನ್ನು, ಒಮ್ಮೆ ಸೊಸೆಯನ್ನು ನೋಡಿ, ಉಪ್ಪು ಬೇಕಾ ಎಂದು ಇಬ್ಬರನ್ನೂ ಕೇಳಿದಳು.

ವಾರಗಳು ಕಳೆದವು. ಬಿಸಿಲು ಬಲಿಯಿತು; ನೆರಳುಬಲೆ ಇನ್ನೊಂದು ಪದರ ಕಟ್ಟಿದರು. ಸಸಿಯಮ್ಮ ಮಧ್ಯಾಹ್ನ ಪಾತ್ರೆ ತೊಳೆಯುವಾಗ ತಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ಹಾಗೇ ನಿಂತುಬಿಡುತ್ತಿದ್ದಳು. ತಟ್ಟೆ ಅವಳ ಕೈಯಲ್ಲಿ ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ತಿರುಗುತ್ತಿತ್ತು. ಸೊಸೆಯ ಜೊತೆ ದಿನವೂ ಸರ್ಕಲ್ಲಿಗೆ ಹೋಗುವಳು. ಸರಿಯಾಗಿಯೇ ಓಡಿಸುವಳು. ಒಂದು ದಿನ ತಮ್ಮ ರಸ್ತೆ ತಪ್ಪಿ, ಸೊಸೆ ಹೇಳಿದ್ದಂತೆ ಇನ್ನೊಂದು ಸುತ್ತು ಹೋದಳು. ಮತ್ತೆ ತಪ್ಪಿತು, ಮತ್ತೊಂದು. ಮರ, ಅಂಗಡಿಸಾಲು, ಪೆಟ್ರೋಲ್ ಬಂಕು, ಹೊಲ, ಆಕಾಶ, ಮತ್ತೆ ಮರ. ಎಲ್ಲವೂ ಅವಳನ್ನು ನಡುವೆ ಇಟ್ಟುಕೊಂಡು ತಾವೇ ನಿಧಾನವಾಗಿ ತಿರುಗುತ್ತಿದ್ದಂತೆ ಇತ್ತು. ಇಂಜಿನ್ನಿನ ಗುಂಯ್ ಎನ್ನುವ ಸದ್ದು ತೊಟ್ಟಿಲ ಹಾಡಿನ ಹಾಗೆ.

“ಅತ್ತೆ, ಈಗ ಬೇಕಂತಲೇ ಸುತ್ತುತಾ ಇದೀರಿ.”

“ಇಲ್ಲೇ ಇದ್ರೆ ಏನಾಗುತ್ತೆ,” ಎಂದಳು ಅತ್ತೆ. “ಯಾರೂ ಏನೂ ಕೇಳಲ್ಲ ಇಲ್ಲಿ.”

ಆದರೂ ಪರೀಕ್ಷೆಯ ದಿನ ಕಾಲು ಹಳೆಯದನ್ನೇ ಮಾಡಿತು. ಪರೀಕ್ಷಕ ತೆಳ್ಳಗಿನವನು, ಕುತ್ತಿಗೆಗೆ ಒದ್ದೆ ಕರ್ಚೀಫು ಸುತ್ತಿಕೊಂಡು ಪಕ್ಕದಲ್ಲಿ ಕೂತಿದ್ದ. ಎಲ್ಲ ಚೆನ್ನಾಗಿಯೇ ನಡೆದಿತ್ತು. ಸರ್ಕಲ್ಲಿನ ಮೂರನೆಯ ರಸ್ತೆಯ ಬಾಯಲ್ಲಿ ಒಂದು ಲಾರಿ ಬಂದು ನಿಂತಿತು. ಅದರ ಚಾಲಕ ಹಸಿರು ವ್ಯಾನನ್ನು ಗುರುತು ಹಿಡಿದು, ಹಳೆಯ ಸಲುಗೆಯಿಂದ ಕೈ ಎತ್ತಿದ. ಅಡುಗೆಮನೆಯ ಬಾಗಿಲು ಕಿರ್ ಅಂದ ಹಾಗಾಯಿತು. ಸಸಿಯಮ್ಮ ನಿಂತಳು.

ಲಾರಿ ದಾಟಿಹೋದ ಮೇಲೆ ಪರೀಕ್ಷಕ ಯಾಕೆ ನಿಲ್ಲಿಸಿದಿರಿ ಎಂದು ಕೇಳಿದ. ಪಾಪ, ಅವನು ಕಾಯುತ್ತಿದ್ದ ಎಂದಳು. ನಿಮ್ಮ ಹಿಂದೆ ಯಾರಿದ್ದರು ಎಂದು ಕೇಳಿದ. ನೋಡಲಿಲ್ಲ ಎಂದಳು. ಅವನು ಬೈಯಲಿಲ್ಲ. ಕರ್ಚೀಫು ಬಿಚ್ಚಿ ಮುಖ ಒರೆಸಿಕೊಂಡು, ಮಳೆಗೆ ಮುಂಚೆ ಇನ್ನೊಂದೇ ಪರೀಕ್ಷೆಯ ದಿನ ಇದೆ, ಬನ್ನಿ ಎಂದ.

ಅಂದು ರಾತ್ರಿ ಮನೆಯಲ್ಲಿ ಊಟದ ಹೊತ್ತು. ಮಗ, ಮಾಲೀಕ ವ್ಯಾನು ನೋಡಲು ಬರುವನಿದ್ದಾನೆ ಎಂದು ಮಾತ್ರ ಹೇಳಿದ. ಯಜಮಾನನಿಗೆ ಸಿಟ್ಟು ಬಂದದ್ದು ಪರೀಕ್ಷಕನ ಮೇಲೆ, ಆದರೆ ಕೈಗೆ ಸಿಕ್ಕಿದ್ದು ಸೊಸೆ. ಒಬ್ಬರಿಗೆ ದಾರಿ ಬಿಡುವುದು ತಪ್ಪು ಅನ್ನುವ ಕಾಲ ಬಂತಲ್ಲ ಎಂದ. ಎರಡೆರಡು ಥರ ಹೇಳಿಕೊಟ್ಟು ಅವಳ ತಲೆ ಕೆಡಿಸಿದೆ ನೀನು ಎಂದ.

“ಎರಡು ಥರ ಆಗಿದ್ದು ಯಾರಿಂದ ಮಾವ?” ಎಂದಳು ಸೊಸೆ. ಅವಳ ದನಿ ಏರಲಿಲ್ಲ, ಏರಿದ್ದರೆ ವಾಸಿಯಿತ್ತು.

“ಹೌದಮ್ಮ. ನನ್ನಿಂದಲೇ. ನಾನು ಮೂವತ್ತು ವರ್ಷ ತಪ್ಪು ಓಡಿಸಿದೆ, ನೀನು ಒಂದು ವರ್ಷ ಸರಿ ಓಡಿಸಿದೆ.”

ಅವನು ತಟ್ಟೆ ಎತ್ತಿಕೊಂಡು ಜಗಲಿಗೆ ಹೋದ. ಯಾರೂ ಒಳಗೆ ಬಂದಿರಲಿಲ್ಲ. ಬೆಂಚಿನಲ್ಲಿ ಅವನ ಜಾಗ ಖಾಲಿಯೇ ಉಳಿಯಿತು. ಊಟ ಮುಗಿಯುವವರೆಗೂ ಅದರಲ್ಲಿ ಯಾರೂ ಕೂರಲಿಲ್ಲ. ಮುಂದಿನ ದಿನಗಳಲ್ಲೂ ಅವನ ಊಟ ಜಗಲಿಯಲ್ಲೇ. ಸಸಿಯಮ್ಮ ತಟ್ಟೆ ಕೊಟ್ಟು ಬರುವಳು, ತಟ್ಟೆ ತಂದು ತೊಳೆಯುವಳು. ಹಾಸಿಗೆ ಬಿಟ್ಟು ಎದ್ದಾಗಿನಿಂದ ಇಬ್ಬರ ನಡುವೆ ನಡೆಯುತ್ತಿದ್ದ ಸಸಿಯ ಮಾತು, ನೀರಿನ ಮಾತು, ಅದೂ ನಿಂತಿತು.

ಮುಂದಿನ ಸಂತೆಯ ದಿನ ಅವನೇ ವ್ಯಾನಿನ ಹತ್ತಿರ ಬಂದ. ತಾನೂ ಬರುವುದಾಗಿ, ಇವಳು ಮಾಡುವ ಅಪರಾಧ ಏನೆಂದು ತಾನೂ ನೋಡುವುದಾಗಿ ಹೇಳಿದ. ಮುಂದಿನ ಎರಡು ಸೀಟಿನಲ್ಲಿ ಹೆಂಡತಿ, ಸೊಸೆ. ಅವನು ಹಿಂದೆ, ಟ್ರೇಗಳ ನಡುವೆ, ಒಂದು ಪೆಟ್ಟಿಗೆ ಬೋರಲು ಹಾಕಿಕೊಂಡು ಹಿಂಬಾಗಿಲ ಕಡೆಗೆ ಮುಖ ಮಾಡಿ ಕೂತ. ಸಸಿಗಳಿಗೆ ಗಾಳಿಯಾಡಲೆಂದು ಹಿಂಬಾಗಿಲನ್ನು ಯಾವಾಗಲೂ ಅರ್ಧ ತೆರೆದು ಹಗ್ಗ ಕಟ್ಟುತ್ತಿದ್ದರು.

ಆ ವ್ಯಾನಿನಲ್ಲಿ ಅವನು ಹಿಂದೆ ಕೂತದ್ದು ಅದೇ ಮೊದಲು. ರಸ್ತೆ ಅವನ ಕಾಲಿನ ಕೆಳಗಿನಿಂದ ಹುಟ್ಟಿ, ಹಿಂದಕ್ಕೆ ಹಿಂದಕ್ಕೆ ಹರಿದು, ಮಂಜಿನಲ್ಲಿ ಕರಗುತ್ತಿತ್ತು. ಎರಡೂ ಬದಿ ಟೊಮೇಟೊ ಸಸಿಗಳ ಹಸಿ ವಾಸನೆ. ಎಲೆಗಳು ಅವನ ಕಿವಿಗೆ, ಕೆನ್ನೆಗೆ ಸವರುತ್ತಿದ್ದವು. ಬಿಸಿಲು ಎಲೆಗಳ ಸಂದಿನಿಂದ ಬಿದ್ದು ಅಂಗಿಯ ಮೇಲೆ ಚುಕ್ಕಿಯಾಗಿ ಓಡಾಡುತ್ತಿತ್ತು. ಅವನಿಗೆ ಜೊಂಪು ಹತ್ತಿದಂತಾಯಿತು. ಮುಂದೆ ಕೂತು ಓಡಿಸುವವನಿಗೆ ಒಳಗನ್ನಡಿಯಲ್ಲಿ ಕಾಣುವುದು ಈ ಎಲೆಗಳೇ. ಪಕ್ಕದ ಕನ್ನಡಿಯನ್ನು ಅವನು ಎಂದೋ ಮಡಚಿಟ್ಟಿದ್ದ, ಮನೆಯ ಗೇಟು ಇಕ್ಕಟ್ಟು ಎಂದು. ಅದನ್ನು ಬಿಡಿಸಿದವಳು ಸೊಸೆ.

ಸರ್ಕಲ್ಲು ಬಂದದ್ದು ಅವನಿಗೆ ಮೈ ವಾಲಿದ್ದರಿಂದ ತಿಳಿಯಿತು. ವ್ಯಾನು ಸುತ್ತುತ್ತಿತ್ತು. ಮೊದಲ ದಿನ ಬಿಟ್ಟರೆ, ಸೊಸೆಯೊಬ್ಬಳೇ ಇದ್ದಾಗ ಸಸಿಯಮ್ಮ ಇಷ್ಟು ದಿನ ಇಲ್ಲಿ ನಿಂತವಳಲ್ಲ. ಇಂದು ಹಿಂದೆ ಗಂಡ ಕೂತಿದ್ದ; ದಿನಗಟ್ಟಲೆ ಮಾತಾಡದ ಗಂಡ. ಎದುರಿನ ರಸ್ತೆಯಲ್ಲಿ ಹುಲ್ಲಿನ ಗಾಡಿಯೊಂದು ಕಾಯುತ್ತಿತ್ತು. ಸೊಸೆ ‘ಬೇಡ ಅತ್ತೆ’ ಅನ್ನುವುದರೊಳಗೆ ಅವಳು ನಿಲ್ಲಿಸಿ, ಅವನು ಎತ್ತುತ್ತಿದ್ದ ಹಾಗೆಯೇ ಕೈ ಎತ್ತಿ, ಗಾಡಿಯನ್ನು ಒಳಗೆ ಕರೆದಳು. ಗಾಡಿಯವನು ಹಲ್ಲು ಬಿಟ್ಟು ನಕ್ಕು ಹೋದ.

ಯಜಮಾನ ನೋಡುತ್ತಿದ್ದದ್ದು ಇನ್ನೊಂದು ಕಡೆಗೆ. ಹಿಂಬಾಗಿಲಿನಿಂದ ಎರಡು ಮಾರು ದೂರದಲ್ಲಿ ಒಬ್ಬ ಹೆಂಗಸು ಸ್ಕೂಟರಿನಲ್ಲಿ ಬರುತ್ತಿದ್ದಳು. ಹಿಂದಿನ ಸೀಟಿಗೆ ನೀಲಿ ಹಗ್ಗದಿಂದ ಕಟ್ಟಿದ ಮೊಟ್ಟೆ ಟ್ರೇಗಳ ಗೋಪುರ. ವ್ಯಾನು ನಿಂತ ಕ್ಷಣ ಅವಳ ಕಣ್ಣು ಅಗಲವಾಯಿತು. ಎರಡೂ ಕಾಲು ನೆಲಕ್ಕೆ ಊರಿ, ಚಪ್ಪಲಿ ರಸ್ತೆಗೆ ಉಜ್ಜುತ್ತ, ಸ್ಕೂಟರು ಓಲಾಡಿ, ವ್ಯಾನಿನ ಬಂಪರಿಗೆ ಗೇಣು ದೂರದಲ್ಲಿ ನಿಂತಿತು. ಮೇಲಿನ ಟ್ರೇ ಜಾರಿತು. ಅದು ಬೀಳುವುದನ್ನು ಅವನು ಕನಸಿನಲ್ಲಿ ನೋಡಿದಂತೆ ನೋಡಿದ, ಅಷ್ಟು ನಿಧಾನವಾಗಿ. ಕೈ ಚಾಚಿದರೆ ಹಿಡಿಯಬಹುದೇನೋ ಅನ್ನುವಷ್ಟು ಹತ್ತಿರ. ಮೊಟ್ಟೆಗಳು ಒಡೆದು ಹಳದಿ ರಸ್ತೆಯ ಮೇಲೆ ಹರಡಿತು. ಅವಳ ಹಿಂದೆ ಒಂದು ಬಸ್ಸು ಚೀರಿ ನಿಂತಿತು.

ಹೆಂಗಸು ಬೈಯಲಿಲ್ಲ. ಸ್ಕೂಟರು ಹಿಡಿದುಕೊಂಡೇ ರಸ್ತೆಯ ಮೇಲಿನ ಹಳದಿಯನ್ನು ನೋಡಿದಳು. ಆಮೇಲೆ ತಲೆ ಎತ್ತಿ, ಎಲೆಗಳ ನಡುವೆ ಕೂತಿದ್ದ ಮುದುಕನನ್ನು ನೋಡಿದಳು, ಕಂಡರೂ ಕಾಣದವಳ ಹಾಗೆ. ಅಷ್ಟರಲ್ಲಿ ವ್ಯಾನು ಹೊರಟಿತು. ಅವಳು, ಬಸ್ಸು, ಹಳದಿ, ಎಲ್ಲ ಮಂಜಾದವು.

ಮುಂದೆ ಕೂತಿದ್ದ ಇಬ್ಬರಿಗೂ ಇದು ಗೊತ್ತಾಗಲಿಲ್ಲ. ಸೊಸೆ ಬಸ್ಸಿನ ಬ್ರೇಕಿನ ಸದ್ದು ಕೇಳಿ ಅತ್ತೆಗೆ ಏನೋ ಹೇಳುತ್ತಿದ್ದಳು. ಸಂತೆಯಲ್ಲಿ ಯಜಮಾನ ಹಲಗೆ ಹಾಕಿದ, ಟ್ರೇ ಇಳಿಸಿದ. ಮಧ್ಯಾಹ್ನ ಕಟ್ಟಿಕೊಂಡು ಹೋಗಿದ್ದ ಊಟವನ್ನು ಮಾತ್ರ ಬಿಚ್ಚಲಿಲ್ಲ. ಸಸಿಯಮ್ಮ, ನಿಮ್ಮ ಥರಾನೇ ಓಡಿಸಿದೆನಲ್ಲ, ಇನ್ನೂ ಯಾಕೆ ಕೋಪ ಎಂದು ಮೆಲ್ಲಗೆ ಕೇಳಿದಳು. ಅವನು ಬದನೆ ಸಸಿಗೆ ನೀರು ಚಿಮುಕಿಸಲು ಎದ್ದುಹೋದ.

ಮಾರನೆಯ ಬೆಳಿಗ್ಗೆ ಅವಳು ಎದ್ದು ಪೈಪು ಹಿಡಿದು ಬರುವಾಗ ಅವನು ವ್ಯಾನಿನೊಳಗಿದ್ದ. ಟ್ರೇಗಳ ಹಲಗೆಗಳನ್ನು ಕಳಚಿ, ಎರಡೂ ಬದಿಗೆ ತಗ್ಗಿಸಿ, ಮತ್ತೆ ಮೊಳೆ ಹೊಡೆಯುತ್ತಿದ್ದ. ನಡುವೆ ಹಿಂಬಾಗಿಲವರೆಗೆ ಖಾಲಿ ಓಣಿ. ಹೀಗೆ ಮಾಡಿದರೆ ಟ್ರೇಗಳು ಕಡಿಮೆ ಹಿಡಿಸುತ್ತವೆ ಎಂದಳು ಅವಳು. ಹಿಡಿಸದಿದ್ದರೆ ಬೇಡ ಎಂದ. ಹೊರಗೆ ಬಂದು, ಪೈಪು ಅವಳ ಕೈಯಿಂದ ತೆಗೆದುಕೊಂಡು, ನೀರಿನ ಕಡೆ ನೋಡುತ್ತ ಹೇಳಿದ:

“ಒಳಗಿದ್ದಾಗ ನಿಲ್ಲಬೇಡ.”

“ನೀವೇ ಅಲ್ವಾ...”

“ನಾನೇ ಹೇಳ್ತಾ ಇದೀನಿ. ಯಾರು ಕಾಯ್ತಿದ್ರೂ ಸರಿ. ನಾನೇ ಅಲ್ಲಿ ನಿಂತು ಕೈ ಎತ್ತಿದ್ರೂ ಸರಿ. ಹೋಗ್ತಾ ಇರು.”

ಯಾಕೆ ಎಂದು ಅವಳು ಕೇಳಿದಳು. ಕನ್ನಡಿ ನೋಡಿಕೊಂಡು ಓಡಿಸು ಎಂದಷ್ಟೇ ಹೇಳಿದ. ಸೊಸೆ ಜಗಲಿಯಲ್ಲಿ ನಿಂತು ಇದನ್ನು ಕೇಳಿದಳು. ಆ ರಾತ್ರಿ ಅವನು ಊಟಕ್ಕೆ ಒಳಗೆ ಬಂದಾಗ ಅವಳು ಏಳಲು ಹೊರಟಳು. ಅವನು ಕೈಯಿಂದಲೇ ತಡೆದು, ನೀರಿನ ಕೊಡದ ಪಕ್ಕದ ಮಣೆಯ ಮೇಲೆ ಕೂತು ಉಂಡ. ಮಗ ಎಲ್ಲರ ಮುಖ ನೋಡಿ, ಈ ಮನೆಯಲ್ಲಿ ಏನೋ ಆಗಿದೆ, ನನಗೊಬ್ಬನಿಗೆ ಹೇಳುವವರಿಲ್ಲ ಎಂದು ಗೊಣ ಗೊಣ ಅಂದ.

ಎರಡನೆಯ ಪರೀಕ್ಷೆಯ ದಿನ ಆಕಾಶ ಹೆಪ್ಪುಗಟ್ಟಿತ್ತು. ಅದೇ ಪರೀಕ್ಷಕ, ಸೆಖೆಗೆ ಅದೇ ಒದ್ದೆ ಕರ್ಚೀಫು. ಸರ್ಕಲ್ಲಿನ ಬಾಯಿಯಲ್ಲಿ ಸಸಿಯಮ್ಮ ನಿಂತಳು, ಬಲಕ್ಕೆ ನೋಡಿದಳು, ಒಂದು ಬಸ್ಸು ಹೋಗಲು ಬಿಟ್ಟಳು, ಒಳಗೆ ಸೇರಿದಳು. ಒಂದು ರಸ್ತೆಯಲ್ಲಿ ಜೀಪು ಕಾಯುತ್ತಿತ್ತು. ಇನ್ನೊಂದರಲ್ಲಿ ಕುರಿ ತುಂಬಿದ ಗಾಡಿ ಕಾಯುತ್ತಿತ್ತು. ಒಂದು ಕುರಿ ಅವಳನ್ನೇ ನೋಡಿತು. ಅವಳ ಮೊಣಕಾಲು ನೆಟ್ಟಗಾಗಲು ಹವಣಿಸಿತು. ಅವಳು ಕನ್ನಡಿ ನೋಡಿದಳು. ಟ್ರೇಗಳ ನಡುವಿನ ಖಾಲಿ ಓಣಿಯ ಆಚೆ, ಪುಟ್ಟದಾಗಿ, ಒಬ್ಬ ಸೈಕಲ್ಲಿನವನು ನೆಮ್ಮದಿಯಿಂದ ತುಳಿಯುತ್ತ ಬರುತ್ತಿದ್ದ. ಅವಳ ಕಾಲು ಬ್ರೇಕಿನ ಕಡೆಗೆ ಹೋಗಲಿಲ್ಲ. ಎಡಕ್ಕೆ ಇಂಡಿಕೇಟರ್ ಟಿಕ್ ಟಿಕ್ ಎಂದಿತು. ಹೊರಗೆ ಬಂದ ಮೇಲೆಯೇ ಅವಳು ಉಸಿರು ಬಿಟ್ಟದ್ದು.

“ಈ ಸಲ ಯಾರೂ ಪಾಪ ಅನ್ನಿಸಲಿಲ್ವಾ?” ಎಂದ ಪರೀಕ್ಷಕ.

“ಅನ್ನಿಸಿತು,” ಎಂದಳು.

ಲೈಸೆನ್ಸು ಬಂತು, ವ್ಯಾನು ಮನೆಯಲ್ಲೇ ಉಳಿಯಿತು. ಮೊದಲ ಮಳೆ ಬಿದ್ದ ವಾರ ಸೊಸೆ ಆಸ್ಪತ್ರೆಗೆ ಹೋಗತೊಡಗಿದಳು. ಮಗ ಮಾಲೀಕನಿಗೆ ಏನು ಹೇಳಿದನೋ. ಒಂದಷ್ಟು ದಿನ ಅಂಗಡಿಯಲ್ಲಿ ತನಗೆ ಗಂಟುಮರ ಸೀಳುವ ಕೆಲಸವೇ ಬರುತ್ತಿದೆ ಎಂದು ಅಮ್ಮನೆದುರು ಹೇಳಿಕೊಂಡ. ಅಮ್ಮ ಅವನ ತಟ್ಟೆಗೆ ಇನ್ನೊಂದು ಆಲೂಗಡ್ಡೆ ಹಾಕಿದಳು.

ಆ ಸಂತೆಯ ದಿನ ಸಣ್ಣ ಮಳೆ, ಬಿಡದೆ. ಮಾಳದ ತುಂಬ ಟಾರ್ಪಾಲುಗಳ ಮೇಲೆ ಹನಿಗಳ ಒಂದೇ ಸಮನೆಯ ಸದ್ದು. ಜನ ಅದರೊಳಗೆ ನೀರಿನಡಿಯಲ್ಲಿ ನಡೆದಂತೆ ನಡೆಯುತ್ತಿದ್ದರು. ಸಸಿ ನೆಡುವ ಹದ. ಸಸಿಯಮ್ಮನ ಸುತ್ತ ಗುಂಪು. ಹಲಗೆಯ ಇನ್ನೊಂದು ತುದಿಯಲ್ಲಿ ಯಜಮಾನ ಒದ್ದೆ ಕಾಗದದಲ್ಲಿ ಸಸಿ ಸುತ್ತಿ ಕೊಡುತ್ತಿದ್ದ. ಒಂದು ಸ್ಕೂಟರು ಬಂದು ಅವನೆದುರು ನಿಂತಿತು. ಹಿಂದಿನ ಸೀಟಿನಲ್ಲಿ ಪ್ಲಾಸ್ಟಿಕ್ ಹೊದಿಸಿದ ಮೊಟ್ಟೆ ಟ್ರೇಗಳು, ನೀಲಿ ಹಗ್ಗ.

ಮೆಣಸಿನ ಸಸಿ ಬೇಕೆಂದಳು ಮೊಟ್ಟೆಯವಳು, ಒಂದು ಸಾಲಿಗಾಗುವಷ್ಟು. ಅವನು ಆರಿಸಿದ, ಗಿಡ್ಡ, ದಪ್ಪ ಕಾಂಡದವನ್ನೇ ಹುಡುಕಿ ಹುಡುಕಿ ಇಟ್ಟ. ಸುತ್ತಿದ ಕಟ್ಟನ್ನು ಕೈಯಲ್ಲೇ ಹಿಡಿದುಕೊಂಡು ಹೇಳಿದ:

“ಅಮ್ಮಾ, ಸರ್ಕಲ್ಲಲ್ಲಿ ನಿಮ್ಮ ಮೊಟ್ಟೆ ಒಡೀತಲ್ಲ. ಮುಂದೆ ನಿಂತಿದ್ದು ನಮ್ಮ ವ್ಯಾನು.”

ಅವಳು ಅವನನ್ನು ನೋಡಿದಳು, ಹಿಂದೆ ನಿಂತಿದ್ದ ವ್ಯಾನನ್ನು ನೋಡಿದಳು.

“ಯಾವತ್ತು ಅಜ್ಜ?”

“ಬೇಸಿಗೇಲಿ. ಒಂದು ಟ್ರೇ ಪೂರ್ತಿ.”

“ಬೇಸಿಗೇಲಿ ಎರಡು ಮೂರು ಸಲ ಒಡೀತು. ಹೋದ ವರ್ಷವೂ ಒಡೀತು. ಅಲ್ಲಿ ಯಾರಾದ್ರೂ ನಿಲ್ತಾನೇ ಇರ್ತಾರೆ.” ಅವಳು ಮುಖದ ಮೇಲಿನ ಮಳೆ ಒರೆಸಿಕೊಂಡಳು. “ನಮ್ಮತ್ತೆ ಸೈಕಲ್ಲಲ್ಲಿ ತರ್ತಿದ್ದಾಗಂತೂ ಲೆಕ್ಕವೇ ಇಲ್ಲ. ಒಂದ್ಸಲ ಬಿದ್ದು ಮಂಡಿ ಹೋಯ್ತು ಅವರದು. ನೀವು ಯಾವತ್ತಿಂದು ಹೇಳ್ತಾ ಇದೀರಿ?”

ಯಜಮಾನ ಬಾಯಿ ತೆರೆದ. ಅವಳು ಕಾದಳು. ಅವನ ಕಣ್ಣೆದುರು ಮಳೆ ಸುರಿಯುತ್ತಿತ್ತು, ಅದರ ಹಿಂದೆ ಮಂಜು. ಮೂವತ್ತು ವರ್ಷ ತಾನು ಅಲ್ಲಿ ನಿಲ್ಲಿಸಿದ ದಿನಗಳಲ್ಲಿ ಇಂಥದ್ದೇ ಎಂದು ಹೇಳಲು ಒಂದು ದಿನವೂ ಅವನಿಗೆ ಸಿಕ್ಕಲಿಲ್ಲ.

ಸಸಿ ಹಾಗೇ ಒಯ್ಯಿರಿ, ದುಡ್ಡು ಬೇಡ ಎಂದ. ಅವಳು ಒಪ್ಪಲಿಲ್ಲ. ಸಸಿಯಮ್ಮನ ಹತ್ತಿರ ನಮ್ಮ ಮನೆಯವರು ಯಾವತ್ತೂ ಬಾಕಿ ಇಟ್ಟಿಲ್ಲ ಎಂದು ನಗುತ್ತ, ಚಿಲ್ಲರೆ ಅವನ ಒದ್ದೆ ಅಂಗೈಯಲ್ಲಿಟ್ಟು, ಕಟ್ಟನ್ನು ಸೀಟಿನ ಕೆಳಗೆ ತುರುಕಿಕೊಂಡು ಹೊರಟಳು. ಸ್ಕೂಟರು ಜನರ ನಡುವೆ ದಾರಿ ಕೇಳುತ್ತ ಹೋಗಿ, ಮಾಳದ ಬಾಯಿಯಲ್ಲಿ ಬಲಕ್ಕೆ ನೋಡಲು ನಿಂತು, ರಸ್ತೆಗೆ ಇಳಿಯಿತು.

“ಯಾರ್ರೀ ಅದು, ಅಷ್ಟು ಹೊತ್ತು ಮಾತು?” ಎಂದು ಗುಂಪಿನ ಆಚೆಯಿಂದ ಸಸಿಯಮ್ಮ ಕೇಳಿದಳು. ಅವಳ ಕೈ ಬಿಡುವಿರಲಿಲ್ಲ. ಉತ್ತರಕ್ಕೆ ಕಾಯದೆ, ದುಡ್ಡಿನ ಡಬ್ಬಿಯನ್ನು ಹಲಗೆಯ ಮೇಲೆ ಅವನ ಕಡೆಗೆ ತಳ್ಳಿದಳು.

ಡಬ್ಬಿಯ ಮುಚ್ಚಳ ತೆರೆದೇ ಇತ್ತು. ಮಳೆ ಅದರೊಳಗೆ ಹನಿಯುತ್ತಿತ್ತು. ಯಜಮಾನ ಅದರ ಮುಂದೆ ಆ ಚಿಲ್ಲರೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನಿಂತೇ ಇದ್ದ.